ಅವರ ಕಣ್ಣು, ಅವರ ಕೈ

ಭಾನುವಾರ, ಮಾರ್ಚ್ ೧೦
ಮಧ್ಯಾಹ್ನ, ಅಪ್ಪನ ಮೇಜಿನಿಂದ

ಪ್ರೀತಿಯ ಪುಟ್ಟೀ,

ನಿನ್ನ ಪುಸ್ತಕ ಬಂದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಬೇಡ, ನನಗೆ ನಾಚಿಕೆಯಾಗುತ್ತದೆ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಓದ್ತಾ ಇದ್ದೀನಿ ಕಣೇ, ಬರೀತೀನಿ" ಎಂದು ಜಾರಿಕೊಂಡೆ. ಇವತ್ತು ಜಾರಿಕೊಳ್ಳಲು ನೆಪವಿಲ್ಲ. ನಿನ್ನೆ ನಮ್ಮ ಓದುಗರ ಕೂಟದಲ್ಲಿ ಕೊನೆಯ ಅಧ್ಯಾಯವೂ ಮುಗಿಯಿತು. ನಾನು ಕ್ಷೇಮ ಎಂದು ಮೊದಲು ಬರೆಯಬೇಕಿತ್ತು. ಆದರೆ ಆ ಸಾಲು ಕಂಡರೆ ನಿನ್ನಪ್ಪನಿಗೆ ಆಗುತ್ತಿರಲಿಲ್ಲ. "ಮೇಲೆ ಕ್ಷೇಮ ಅಂತ ಬರೀತಾರೆ, ಕೆಳಗೆ ಜ್ವರದ ಸುದ್ದಿ ಬರೀತಾರೆ" ಎನ್ನುತ್ತಿದ್ದರು. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ: ಮಂಡಿ ನೋವಿದೆ, ಜ್ವರವಿಲ್ಲ, ಬಾಯಿ ಎಂದಿನಂತೆ ಗಟ್ಟಿಯಾಗಿದೆ.

"ಬರೀ ಚೆನ್ನಾಗಿದೆ ಅನ್ಬೇಡ ಅಮ್ಮ. ತಪ್ಪಿದ್ರೆ ಹೇಳು, ಎರಡನೇ ಮುದ್ರಣಕ್ಕೆ ತಿದ್ದಬೇಕು" ಎಂದೆಯಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. ನನ್ನ ಅಭಿಪ್ರಾಯ ಯಾವ ಲೆಕ್ಕದ್ದು? ಹೆತ್ತವರಿಗೆ ಹೆಗ್ಗಣ ಮುದ್ದು. ಅದರ ಮೇಲೆ ನೀನು ಬರೆದಿರುವುದು ನನ್ನ ಗಂಡನ ಜೀವನಚರಿತ್ರೆ. ಒಂದು ಕಡೆ ಮಗಳು, ಇನ್ನೊಂದು ಕಡೆ ಗಂಡ, ನಡುವೆ ಕೂತು ತಕ್ಕಡಿ ಹಿಡಿ ಎಂದರೆ ನಾನು ಎಲ್ಲಿಗೆ ಹೋಗಲಿ? ಆದ್ದರಿಂದ ಮೊದಲು ಬೇರೆಯವರು ಹೇಳಿದ್ದನ್ನು ಬರೆಯುತ್ತೇನೆ. ನನ್ನದು ಕೊನೆಗಿರಲಿ.

ಕೂಟ ಈಗಲೂ ಶನಿವಾರ ಮಧ್ಯಾಹ್ನ ದರ್ಜಿಯ ಅಂಗಡಿಯ ಮಹಡಿಯಲ್ಲೇ ಸೇರುತ್ತದೆ. ಅದೇ ಕತ್ತರಿಸುವ ಮೇಜು, ಅದರ ಸುತ್ತ ಒಂದಕ್ಕೊಂದು ಸಂಬಂಧವಿಲ್ಲದ ಕುರ್ಚಿಗಳು. ಗೋಡೆಗೆ ತೂಗುಹಾಕಿದ ಅರೆಹೊಲಿದ ಕೋಟುಗಳು ನಮ್ಮ ಜೊತೆ ಕೂತು ಕೇಳುತ್ತಿರುವಂತೆ ಕಾಣುತ್ತವೆ. ಮಾತನಾಡುವುದಿಲ್ಲವಾದ್ದರಿಂದ ಅವೇ ಒಳ್ಳೆಯ ಸದಸ್ಯರು ಎಂದು ನಿನ್ನಪ್ಪ ಹೇಳುತ್ತಿದ್ದರು. ನೀನು ಚಿಕ್ಕವಳಿದ್ದಾಗ ಆ ಮೇಜಿನ ಕೆಳಗೆ ಬಟ್ಟೆಚೂರು ಆರಿಸುತ್ತ ಕೂರುತ್ತಿದ್ದೆ. ಮೇಲೆ ನಾವು ಯಾವುದೋ ಸೇತುವೆ ಕಟ್ಟಿದವನ ಬದುಕು, ಯಾವುದೋ ಉಪ್ಪಿನ ದಾರಿಯ ಇತಿಹಾಸ, ಬೆಂಚುಗಳಿಲ್ಲದ ಯಾವುದೋ ಶಾಲೆಯ ಕಥೆ ಹಿಡಿದು ಜಗಳವಾಡುತ್ತಿದ್ದೆವು. ನೀನು ಇತಿಹಾಸದ ಪ್ರೊಫೆಸರ್ ಆದದ್ದು ಆ ಮೇಜಿನ ಕೆಳಗೇ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನಮ್ಮ ನಿಯಮವೂ ಹಾಗೇ ಉಳಿದಿದೆ. ಪುಸ್ತಕ ಒಬ್ಬರ ಬದುಕಿನದಾದರೆ ಕೊನೆಯ ಅಧ್ಯಾಯವನ್ನು ಯಾರೂ ಮನೆಯಲ್ಲಿ ಓದುವಂತಿಲ್ಲ. ದರ್ಜಿ ಎಲ್ಲರ ಪ್ರತಿಗಳನ್ನೂ ಇಸಿದುಕೊಂಡು, ಕೊನೆಯ ಹಾಳೆಗಳನ್ನು ಸೇರಿಸಿ ಬಿಳಿ ದಾರದಲ್ಲಿ ಎರಡು ಹೊಲಿಗೆ ಹಾಕಿಕೊಡುತ್ತಾನೆ. ಮಾತುಕತೆಯೆಲ್ಲ ಮುಗಿದ ಮೇಲೆ ದಾರ ಕತ್ತರಿಸುತ್ತಾನೆ, ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಇದನ್ನು ಶುರು ಮಾಡಿದವರು ನಿನ್ನಪ್ಪ. "ಮನುಷ್ಯ ಹೋಗೋವಾಗ ಪಕ್ಕದಲ್ಲಿ ನಾಲ್ಕು ಜನ ಇರಬೇಕು ಕಣ್ರಯ್ಯ, ಪುಸ್ತಕದಲ್ಲಾದ್ರೂ ಸರಿ" ಎಂದಿದ್ದರು. ನಿನ್ನ ಪುಸ್ತಕದಲ್ಲಿ ಈ ನಿಯಮದ ಮಾತಿಲ್ಲ. ಸಾಧ್ಯವಾದರೆ ಸೇರಿಸು.

ಇನ್ನು ಅಭಿಪ್ರಾಯಗಳು. ದರ್ಜಿ ಗುಂಡಿ ಹೊಲಿಯುತ್ತಲೇ ಮಾತು ಶುರು ಮಾಡಿದ. "ಪುಸ್ತಕ ಭಾಳ ಚೆನ್ನಾಗಿದೆ ಮೇಷ್ಟ್ರಮ್ಮ. ಆದ್ರೆ ಮೇಷ್ಟ್ರು ತಮ್ಮ ಶಾಲೆ ಶುರು ಮಾಡಿದ ದಿನ ಕಂದು ಕೋಟು ಹಾಕಿದ್ರು ಅಂತ ಬರ್ದಿದಾಳೆ. ಅದು ಬೂದು. ಹೊಲಿದೋನು ನಾನು. ಕಂದು ಬಣ್ಣ ಅವರಿಗೆ ಒಪ್ತಾನೇ ಇರ್ಲಿಲ್ಲ." ಇಷ್ಟು ಹೇಳಿ, ಲೇಖಕಿಗೆ ನೋವಾಯಿತೇನೋ ಎಂಬಂತೆ ನನ್ನ ಮುಖ ನೋಡಿದ. ಅಡಿಟಿಪ್ಪಣಿ ಮಾವನನ್ನು ನೀನು ಮರೆತಿರಲಾರೆ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪುಟದ ಮೇಲಿನ ಭಾಗ ಬಿಟ್ಟು ಕೆಳಗಿನ ಸಣ್ಣ ಅಕ್ಷರವನ್ನೇ ಮೊದಲು ಓದುತ್ತಾರೆಂದು ಆ ಹೆಸರಿಟ್ಟವಳು ನೀನೇ. ಅವರಿಗೆ ಮಹದಾನಂದ. "ಒಂದು ಮಾತಿಗೂ ಆಧಾರ ಕೊಡದೆ ಬಿಟ್ಟಿಲ್ಲ ಹುಡುಗಿ! ಸ್ವಂತ ಅಪ್ಪ ಅಂತ ರಿಯಾಯಿತಿ ತೋರ್ಸಿಲ್ಲ" ಎಂದು ಮೇಜು ಕುಟ್ಟಿದರು. ದರ್ಜಿಯ ಸೂಜಿಡಬ್ಬಿ ಉರುಳಿ ಬಿತ್ತು. ಸೂಜಿ ಹುಡುಕುವುದರಲ್ಲೇ ಸ್ವಲ್ಪ ಹೊತ್ತು ಕಳೆಯಿತು.

ನಮ್ಮ ಕೆಳಮನೆಯ ನರ್ಸಮ್ಮ ಮಾತ್ರ ಪುಟ ತಿರುವುತ್ತ ಕೂತಿದ್ದಳು. ಆಸ್ಪತ್ರೆ ಬಿಟ್ಟು ಇಷ್ಟು ವರ್ಷವಾದರೂ ಮನುಷ್ಯರನ್ನು ನೋಡುವಾಗ ನಾಡಿ ಹಿಡಿದವಳ ಹಾಗೆ ನೋಡುತ್ತಾಳೆ. ಕೊನೆಗೆ ಒಂದು ಪುಟದ ಮೇಲೆ ಬೆರಳಿಟ್ಟಳು. ಅಪ್ಪ ಪತ್ರಿಕೆಗೆ ಬರೆಯುತ್ತಿದ್ದ ಭಾನುವಾರದ ಪುಸ್ತಕ ವಿಮರ್ಶೆಯ ಅಂಕಣಗಳಿಂದ ನೀನು ಎತ್ತಿ ಕೊಟ್ಟಿದ್ದೀಯಲ್ಲ, ಮಕ್ಕಳ ಶಿಕ್ಷಣದ ಪುಸ್ತಕವೊಂದರ ಬಗ್ಗೆ ಬರೆದ ಆ ಸಾಲುಗಳು, ಅದನ್ನೇ ಅವಳು ಓದಿದಳು: "ಸುಳ್ಳು ಹೇಳುವ ಮಗುವಿಗೆ ಮೊದಲು ಊಟ ಬಡಿಸಿ. ಹಸಿದ ಹೊಟ್ಟೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ಉಂಡು ಕೈ ತೊಳೆದು ಬರುವಷ್ಟರಲ್ಲಿ ನಿಜ ತಾನಾಗಿಯೇ ಬಾಗಿಲಲ್ಲಿ ಬಂದು ನಿಂತಿರುತ್ತದೆ."

ಓದಿ ಪುಸ್ತಕ ಮಡಚಿದಳು. "ಇದು ನಮ್ಮ ಮೇಷ್ಟ್ರ ಮಾತು ಅನ್ಸುತ್ತಾ ನಿಮ್ಗೆ? ಅವರಾಗಿದ್ರೆ ಮೊದಲು ಬೆಂಚ್ ಮೇಲೆ ನಿಲ್ಲಿಸ್ತಿದ್ರು. ಊಟದ ನೆನಪೇ ಬರ್ತಿರ್ಲಿಲ್ಲ."

ಎಲ್ಲರೂ ನಕ್ಕರು. ದರ್ಜಿಯಂತೂ, "ನನ್ನ ಮಗನನ್ನ ಮಧ್ಯಾಹ್ನ ಪೂರ್ತಿ ನಿಲ್ಲಿಸಿದ್ರಲ್ಲ!" ಎಂದು ಅದೇನೋ ಬಿರುದು ಬಂದವನಂತೆ ಹೇಳಿಕೊಂಡ. ಅಡಿಟಿಪ್ಪಣಿ ಮಾವ ಒಪ್ಪಲಿಲ್ಲ. "ವಯಸ್ಸಾದ ಹಾಗೆ ಮನುಷ್ಯ ಮೆತ್ತಗಾಗ್ತಾನಮ್ಮ. ಅದನ್ನೇ ತಾನೆ ಇವಳು ಇಡೀ ಅಧ್ಯಾಯ ಬರ್ದಿರೋದು? ಎಂಥ ಕಟ್ಟುನಿಟ್ಟಿನ ಮನುಷ್ಯ ಕೊನೇಲಿ ಎಂಥ ಮಾತಾಡಿದ ಅಂತ." ನರ್ಸಮ್ಮ ನನ್ನ ಕಡೆ ತಿರುಗಿ, "ನೀವೇನಂತೀರಕ್ಕ?" ಎಂದಳು. ನಾನು ನೀರು ಕುಡಿದೆ.

ಆಮೇಲೆ ದರ್ಜಿ ದಾರ ಕತ್ತರಿಸಿದ. ಓದುವವಳು ನಾನು. ಕಣ್ಣು ಹೋದ ನಿನ್ನಪ್ಪನಿಗೆ ಓದಿ ಓದಿ ನನ್ನ ಗಂಟಲಿಗೆ ಒಂದು ಹದ ಬಂದಿದೆಯಂತೆ. ಓದುತ್ತಿದ್ದಂತೆ ಆ ಮಧ್ಯಾಹ್ನಗಳೆಲ್ಲ ಕಣ್ಣಿಗೆ ಕಟ್ಟಿದವು, ಪುಟ್ಟೀ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ, ಅವರ ಮಡಿಲಲ್ಲಿ ಕೆಲಸಕ್ಕೆ ಬಾರದ ಕನ್ನಡಕ, ಆದರೂ ದಿನಾ ಒರೆಸುತ್ತಿದ್ದರು. ಮಾತು ಹಿಡಿಸಿದರೆ ಬಲಗಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ಹಿಡಿಸದಿದ್ದರೆ, "ಈ ಮನುಷ್ಯ ತನ್ನ ಬದುಕನ್ನ ತಾನೇ ಇಸ್ತ್ರಿ ಮಾಡ್ಕೊಂಡಿದಾನೆ, ಒಂದು ಸುಕ್ಕಿಲ್ಲ" ಎಂದು ಗೊಣಗುತ್ತಿದ್ದರು. ಹೊರಗೆ ಬೀದಿಯಲ್ಲಿ ಸೈಕಲ್ ಗಂಟೆ, ಒಳಗೆ ನನ್ನ ದನಿ, ಒಲೆಯ ಮೇಲೆ ಚಹಾ ಉಕ್ಕಿ ಹೋದ ವಾಸನೆ. ನನ್ನ ಬದುಕಿನಲ್ಲಿ ಅದಕ್ಕಿಂತ ಸುಖದ ಕಾಲವಿರಲಿಲ್ಲ ಎಂದರೆ ನೀನು ನಂಬುತ್ತೀಯೋ ಇಲ್ಲವೋ. ಅವರ ಕಣ್ಣು ಹೋದದ್ದಕ್ಕೆ ಅತ್ತಿದ್ದೇನೆ, ನಿಜ. ಆದರೆ ಆ ಮಧ್ಯಾಹ್ನಗಳನ್ನು ಮತ್ತೆ ಕೊಡುತ್ತೇನೆಂದು ಯಾರಾದರೂ ಬಂದರೆ ಬೇಡವೆನ್ನಲು ನನಗಾಗದು.

ನೀನು ಬರೆದಿದ್ದೀಯೆ: "ಕಣ್ಣು ಮಂಜಾದ ಮೇಲೆ ಅಮ್ಮ ಅವರ ಕಣ್ಣಾದಳು, ಅಮ್ಮ ಅವರ ಕೈಯಾದಳು. ಓದಿ ಹೇಳಿದಳು, ಅವರು ನುಡಿದದ್ದನ್ನು ಬರೆದುಕೊಂಡಳು." ಅಲ್ಲಿಗೆ ಬಂದಾಗ ದರ್ಜಿ ಗುಂಡಿ ಬಿಟ್ಟು ಚಪ್ಪಾಳೆ ತಟ್ಟಿದ. ಅಡಿಟಿಪ್ಪಣಿ ಮಾವ ಎದ್ದು ನಿಂತು ನನಗೆ ಕೈಮುಗಿದರು. ಅದರ ಮುಂದಿನದೂ ನಾನೇ ಓದಬೇಕಾಯಿತು: "ಆ ಕೊನೆಯ ವರ್ಷಗಳ ಅಂಕಣಗಳೇ ಅವರ ಬರಹದ ತುದಿ. ಅಲ್ಲಿ ಮಾತನಾಡುವ ಆ ಮೃದುವಾದ ಮನುಷ್ಯನನ್ನು ನಾನು ಮನೆಯಲ್ಲಿ ಎಂದೂ ಕಾಣಲಿಲ್ಲ. ಆ ದನಿ ಒಂದೇ ಒಂದು ಸಲ ನನ್ನೊಡನೆ ಮಾತನಾಡಿದ್ದರೆ ಎಂದು ಈಗಲೂ ಹಂಬಲಿಸುತ್ತೇನೆ."

ಅಲ್ಲಿ ನಾನು ಪುಸ್ತಕ ಕೆಳಗಿಟ್ಟೆ. ನರ್ಸಮ್ಮ ಬಂದು ಬೆನ್ನು ಸವರಿದಳು. ಗಂಡನ ನೆನಪಾಯಿತು, ಪಾಪ, ಎಂದುಕೊಂಡು ಎಲ್ಲರೂ ತಲೆ ತಗ್ಗಿಸಿದರು. ಉಳಿದ ಪುಟಗಳನ್ನು ಅಡಿಟಿಪ್ಪಣಿ ಮಾವ ಓದಿದರು, ಅಡಿಟಿಪ್ಪಣಿಗಳ ಸಮೇತ.

ಈಗ ನನ್ನ ಅಭಿಪ್ರಾಯ. ಕೋಟು ಬೂದು, ತಿದ್ದು. ದಾರದ ವಿಷಯ ಸೇರಿಸು. ಶಾಲೆಯ ಮೊದಲ ವರ್ಷದ ಅಧ್ಯಾಯ ಓದಿದಾಗ ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟು ಪಾಠ ಮಾಡುತ್ತಿದ್ದ ನಿನ್ನಪ್ಪನ ದನಿಯೇ ಕೇಳಿಸಿತು. ಅವರ ಕೋಪ, ಹಟ, ಯಾರಿಗೂ ಬಗ್ಗದ ಆ ಕತ್ತು, ಯಾವುದನ್ನೂ ಮುಚ್ಚಿಟ್ಟಿಲ್ಲ ನೀನು. ಪ್ರೀತಿಯನ್ನೂ ಮುಚ್ಚಿಟ್ಟಿಲ್ಲ. ಇಸ್ತ್ರಿ ಮಾಡದೆ ಸುಕ್ಕುಗಳ ಸಮೇತ ಬರೆದಿದ್ದೀಯೆ ಎಂದು ಅವರೂ ಮೆಚ್ಚುತ್ತಿದ್ದರು, ಹೆಬ್ಬೆರಳು ಖಂಡಿತ ಕುಣಿಯುತ್ತಿತ್ತು. ಪುಸ್ತಕ ಚೆನ್ನಾಗಿದೆ ಮಗಳೇ. ಅಷ್ಟೇ.

ಅಳಿಯಂದಿರಿಗೆ ನನ್ನ ನೆನಪುಗಳನ್ನು ತಿಳಿಸು. ಮೊಮ್ಮಗಳ ಹಲ್ಲು ಬಿದ್ದ ಜಾಗದಲ್ಲಿ ಹೊಸದು ಬಂತೇ? ನಿನ್ನ ಲೇಖನಿಗೆ ದಣಿವು ಬಾರದಿರಲಿ, ನಿನ್ನ ಮನೆಯಲ್ಲಿ ನಗು ನಿಲ್ಲದಿರಲಿ, ನಿನ್ನನ್ನು ಕಂಡವರು ನಿನ್ನ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಬಾಳಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸ್ ಬಂದು ಹರಿದೆ. ಬರೀ ಚೆನ್ನಾಗಿದೆ ಅನ್ನಬೇಡ ಎಂದವಳು ನೀನು. ಬರೀ ಚೆನ್ನಾಗಿದೆ ಅಂದುಬಿಟ್ಟೆನಲ್ಲ ಎಂದು ಕಾಲು ಮುಂದೆ ಹೋಗಲಿಲ್ಲ.

ನಿನ್ನಪ್ಪ ಮೊದಮೊದಲು ನುಡಿಯುತ್ತಿದ್ದರು, ನಾನು ಬರೆಯುತ್ತಿದ್ದೆ. ಆಮೇಲಾಮೇಲೆ ಮೈಯಲ್ಲಿ ಶಕ್ತಿ ಕಡಿಮೆಯಾಯಿತು. ಅರ್ಧ ಪುಸ್ತಕ ಕೇಳುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದರು. ಒಮ್ಮೆ ಪತ್ರಿಕೆಗೆ ಕಳಿಸುವ ದಿನ ಬಂದರೂ "ಏನಾದ್ರೂ ಬರಿ, ಚೆನ್ನಾಗಿದೆ ಅಂತ ಬರಿ" ಎಂದು ಮಗ್ಗುಲಾದರು. ಇಡೀ ಪುಸ್ತಕ ಓದಿದವಳು ನಾನೊಬ್ಬಳೇ ತಾನೆ? ನನಗೆ ತೋಚಿದ್ದನ್ನು ಬರೆದೆ. ಎದ್ದ ಮೇಲೆ ಓದಿ ಹೇಳಿದೆ. ಕನ್ನಡಕ ಒರೆಸುತ್ತ, "ಇದನ್ನ ನಾನು ಯಾವಾಗ ಹೇಳ್ದೆ?" ಎಂದರು. ಆಮೇಲೆ ಹೆಬ್ಬೆರಳು ಕುಣಿಯಿತು. "ಕಳ್ಸು" ಎಂದರು. ಅಲ್ಲಿಂದ ಮುಂದಿನವೆಲ್ಲ ಹಾಗೇ. ನನ್ನ ಹೆಸರು ಹಾಕಿಸುತ್ತೇನೆಂದು ಅವರಾಗಿಯೇ ಹೇಳಿದ್ದರು. ನಾನೇ ಬೇಡವೆಂದೆ. ಅದರಲ್ಲಿ ಅವರ ತಪ್ಪಿಲ್ಲ. ನನಗೆ ಅದರಿಂದ ಬೇಸರವೂ ಇಲ್ಲ. ಅವರಿಗೆ ಕಣ್ಣು ಕೊಟ್ಟೆ, ಕೈ ಕೊಟ್ಟೆ, ಇದನ್ನೂ ಕೊಟ್ಟೆ ಎಂದುಕೊಂಡು ಹಾಯಾಗಿದ್ದೆ.

ಆದರೆ ನೀನು ಆ ಅಂಕಣವನ್ನು ಓದಿಯೂ ಗುರುತು ಹಿಡಿಯಲಿಲ್ಲವಲ್ಲ, ಅದು ನೋವಾಯಿತು. ಸುಳ್ಳು ಹೇಳಿದ ಆ ಮಗು ನೀನೇ ಕಣೇ. ಅಪ್ಪನ ಭೂಪಟದ ಪುಸ್ತಕ ಹರಿದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದೆ. ಅವರು ಶಾಲೆಯಿಂದ ಬರುವ ಮೊದಲೇ ನಿನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಊಟ ಬಡಿಸಿದೆ. ಉಂಡು, ಕೈ ತೊಳೆದು, ಬಾಗಿಲಲ್ಲಿ ನಿಂತು, "ಬೆಕ್ಕಲ್ಲ ಅಮ್ಮ, ನಾನು" ಎಂದೆ.

ಎರಡನೇ ಮುದ್ರಣದಲ್ಲಿ ಅಂಕಣಗಳು ಅಪ್ಪನ ಹೆಸರಿನಲ್ಲೇ ಇರಲಿ. ಕೋಟಿನ ಬಣ್ಣ ತಿದ್ದದಿದ್ದರೂ ಪರವಾಗಿಲ್ಲ, ದರ್ಜಿಗೆ ನಾನು ಸಮಾಧಾನ ಹೇಳುತ್ತೇನೆ. ಒಂದು ಮಾತು ಮಾತ್ರ ತೆಗೆದುಬಿಡು, ಆ ದನಿ ನಿನ್ನೊಡನೆ ಒಂದು ಸಲವೂ ಮಾತನಾಡಲಿಲ್ಲ ಎಂಬುದನ್ನು. ಅದು ದಿನಾ ನಿನ್ನನ್ನು ಊಟಕ್ಕೆ ಕರೆಯುತ್ತಿತ್ತು, ಪುಟ್ಟೀ.