ಯಾರ ಮಗಳು ಇವಳು?

ಆಕ್-ಬುಲಾಕ್, ನಾರಿನ್ ಸೀಮೆ
ನವೆಂಬರ್ ೧೭, ಸೋಮವಾರ

ನನ್ನ ಕಣ್ಣಬೆಳಕು ಸೈಕಾಲ್‌ಗೆ,

ಹೇಗಿದ್ದೀಯ ಮಗಳೇ? ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತಿದ್ದೀಯ? ಕೆಮ್ಮು ಹೋಯಿತೆ? ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ವರ್ಷವಾಯಿತು, ಅದರ ಸುದ್ದಿ ಬೇಡ. ನಿನ್ನ ಕಂದು ಕುದುರೆ ಗಟ್ಟಿಮುಟ್ಟಾಗಿದೆ. ಮೊನ್ನೆ ಪಕ್ಕದ ಮನೆಯ ಕಚ್ಚುವ ನಾಯಿಗೆ ಸರಿಯಾಗಿ ಒದ್ದು ಬಂತು, ನನಗಂತೂ ಖುಷಿಯಾಯಿತು. ಹನ್ನೆರಡು ದಿನದಿಂದ ನೀನು ಫೋನು ಎತ್ತುತ್ತಿಲ್ಲ. ಅದಕ್ಕೇ ಬಿಷ್ಕೆಕ್‌ಗೆ ಹೊರಟಿರುವ ಟ್ಯಾಕ್ಸಿ ಮೈರಾಮ್ ಕೈಯಲ್ಲಿ ಈ ಕಾಗದ, ಜೊತೆಗೆ ಒಂದು ಚೀಲ ಒಣಮೊಸರಿನ ಉಂಡೆ ಕಳಿಸುತ್ತಿದ್ದೇನೆ. ಉಪ್ಪು ಜಾಸ್ತಿಯಾಗಿದೆ. ನಿನ್ನಜ್ಜಿ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದಳು.

ನಿನ್ನ ಕೋಣೆಯ ಗೆಳತಿ ಮೀರಿಮ್ ಶನಿವಾರ ಫೋನು ಮಾಡಿ ಅತ್ತಳು. "ತಾತ, ಗೋಡೆ ಕಡೆ ಮುಖ ಮಾಡಿ ಮಲಗಿದೋಳು ಏಳ್ತಾನೇ ಇಲ್ಲ. ನಾನು ತಂದಿಟ್ಟ ಸೂಪು ಹಂಗೇ ತಣ್ಣಗಾಗುತ್ತೆ" ಎಂದಳು. ನಿಮ್ಮ ಕಾಲೇಜಿನ ಹುಡುಗರು ಹೆಸರು ಹಾಕದೆ ಮನಸ್ಸಿನ ಮಾತು ಬರೆಯುವ ಪುಟವೊಂದು ಫೋನಿನಲ್ಲಿದೆಯಂತೆ. ಉತ್ತರ ಕೊಡುವವರ ಹೆಸರೂ ಅಲ್ಲಿ ಕಾಣುವುದಿಲ್ಲವಂತೆ. ನೀನು ಅಲ್ಲಿ ಬರೆದದ್ದನ್ನು ಅವಳು ಓದಿ ಹೇಳಿದಳು. ಊಟದ ಮನೆಗೆ ಹೋಗಲು ಭಯವಾಗಿ ಮೆಟ್ಟಿಲ ಕೆಳಗೆ ಬರೀ ರೊಟ್ಟಿ ತಿನ್ನುತ್ತೀಯಂತೆ. ಮೇಷ್ಟರು ಎಬ್ಬಿಸಿದರೆ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತದಂತೆ. ಆರು ವರ್ಷದವಳಿದ್ದಾಗ ನೆಂಟರ ಮುಂದೆ ನಮ್ಮ ಪದ್ಧತಿಯಂತೆ ಏಳು ತಲೆಮಾರಿನ ಹಿರಿಯರ ಹೆಸರು ಹೇಳೆಂದು ನಿಲ್ಲಿಸಿದರೆ ಬಾಯಿ ಬಾರದೆ, ಬಟ್ಟೆ ಒದ್ದೆಯಾಗಿ, ರಜಾಯಿ ರಾಶಿಯ ಹಿಂದೆ ಸಂಜೆಯವರೆಗೆ ಅಡಗಿದ್ದೆಯಂತೆ. ಅಂತೆ ಏನು ಬಂತು, ನಿನ್ನನ್ನು ನಿಲ್ಲಿಸಿದವನೇ ನಾನು. "ನಾಲಿಗೆ ಕುರಿ ತಿಂತೇನೇ?" ಎಂದು ನೆಂಟರೊಂದಿಗೆ ನಕ್ಕವನೂ ನಾನೇ. ಮರೆತೇಬಿಟ್ಟಿದ್ದೆ. ನೀನು ಮರೆತಿರಲಿಲ್ಲ.

ಮನಸ್ಸು ಹಗುರವಾಗಲೆಂದು ಬರೆದೆ, ಯಾರೋ ಅದರ ಕೆಳಗೇ ನಿನ್ನ ಹೆಸರು, ಊರು ಹಾಕಿಬಿಟ್ಟರು. ಈಗ ತರಗತಿಯಲ್ಲಿ ನೀನು ಎದ್ದು ನಿಂತರೆ ಹಿಂದಿನ ಬೆಂಚಿನಿಂದ "ಲೋ, ಸೈಕಾಲ್‌ಗೆ ರಜಾಯಿ ತನ್ರೋ!" ಎಂದು ಕೂಗುತ್ತಾರಂತೆ. ಹಾಳಾಗಿಹೋಗಲಿ ಆ ಹುಡುಗರು! ರಜಾಯಿಯ ಕಥೆ ಮೀರಿಮ್‌ಗೆ ಬಿಟ್ಟರೆ ಬೇರೆ ಯಾರಿಗೂ ನೀನು ಹೇಳಿರಲಿಲ್ಲ, ಹಾಗಾಗಿ ಹೆಸರು ಹಾಕಿದವಳು ಅವಳೇ ಎಂದು ಮಾತು ಬಿಟ್ಟಿದ್ದೀಯ. "ರೊಟ್ಟಿ ಮುಟ್ಟಿ ಹೇಳ್ತೀನಿ ತಾತ, ನಾನು ಬಾಯಿ ಬಿಟ್ಟಿಲ್ಲ" ಎಂದು ಆ ಹುಡುಗಿ ಬಿಕ್ಕುತ್ತಿದ್ದಳು. ಗುರುವಾರ ಬೇರೆ ಕೋಣೆಗೆ ಹೋಗುತ್ತಾಳಂತೆ. ಎರಡು ವರ್ಷದಲ್ಲಿ ನೀನು ಬಾಯಿತುಂಬ ಮಾತಾಡಿದ್ದು ಅವಳೊಬ್ಬಳ ಜೊತೆ. ಅವಳೂ ಹೋದರೆ ಆ ಹಾಸ್ಟೆಲ್ಲಿನ ಐದನೇ ಮಹಡಿಯಲ್ಲಿ ನೀನು ಒಬ್ಬಳೇ ಎಂದು ನೆನೆದು ಎರಡು ರಾತ್ರಿ ನಿದ್ದೆ ಮಾಡಿಲ್ಲ.

ಕಾಲೇಜು ಬೇಡವೆನಿಸಿದರೆ ಇದೇ ಟ್ಯಾಕ್ಸಿ ಹತ್ತಿ ಬಾ. ಯಾರ ಮುಂದೆಯೂ ನಿನ್ನನ್ನು ನಿಲ್ಲಿಸುವುದಿಲ್ಲ. ನಿನ್ನಪ್ಪನ ಆತ್ಮ ನಿನ್ನ ಬೆನ್ನ ಹಿಂದೆ ಇರಲಿ, ನಿನ್ನ ದಾರಿ ಬೆಳ್ಳಗಿರಲಿ.

ನಿನ್ನ ತಾತ,
ತುರ್ದುಬೆಕ್

ಮರೆತ ಮಾತು: ಮೈರಾಮ್ ಹಾರನ್ ಹೊಡೆಯುತ್ತಿದ್ದಾನೆ. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಹೆಸರು ಹಾಕಿದ್ದು ಮೀರಿಮ್ ಅಲ್ಲ, ನಾನು. ನನ್ನದು ಗುಂಡಿ ಒತ್ತುವ ಫೋನು, ನನ್ನ ಮೇಲೆ ನಿನಗೆ ಅನುಮಾನ ಬರುವುದಾದರೂ ಹೇಗೆ? ಪಕ್ಕದ ಮನೆ ಸೊಸೆ ನುರ್ಜಾತ್ ತನ್ನ ಫೋನಿಗೂ ಬಂದಿದ್ದ ಆ ಬರಹವನ್ನು "ನೋಡಿ ತಾತ, ಯಾವ್ದೋ ಹುಡುಗಿ, ಪಾಪ" ಎಂದು ಓದಿದಳು. ರಜಾಯಿ ಎಂದ ಕೂಡಲೇ ನೀನೇ ಎಂದು ತಿಳಿಯಿತು. ಕೆಳಗೆ ನೂರು ಜನ "ಯಾರ ಮಗಳು ಇವಳು? ಹೇಳೋರು ಕೇಳೋರು ಇಲ್ವಾ?" ಎಂದು ಕೇಳಿದ್ದರು, ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ನಮ್ಮಲ್ಲಿ ಹಾಗೆ ಕೇಳಿದಾಗ ಯಾರೂ ಬಾಯಿ ಬಿಡದಿದ್ದರೆ ಆ ಮಗು ದಿಕ್ಕಿಲ್ಲದ್ದು ಎಂದೇ ಅರ್ಥ. "ಬೇಡ ತಾತ, ಹೆಸರು ಹಾಕಬಾರ್ದು" ಎಂದು ನುರ್ಜಾತ್ ಹೇಳಿದಳು. ನಾನು ಗದರಿಸಿ ಬರೆಸಿದೆ: "ಆಕ್-ಬುಲಾಕಿನ ಎರ್ಕಿನ್ ಮಗಳು ಸೈಕಾಲ್. ಒಳ್ಳೇ ಹುಡುಗಿ." ಓದಿದವರು ಯಾರಾದರೂ ಬಂದು ನಿನ್ನ ಪಕ್ಕ ಕೂತು ಊಟ ಮಾಡುತ್ತಾರೆ ಎಂದುಕೊಂಡೆ. ಸಿಟ್ಟೆಲ್ಲ ನನ್ನ ಮೇಲಿರಲಿ. ಗುರುವಾರಕ್ಕೆ ಮೊದಲು ಮೀರಿಮ್‌ಗೆ ಇದನ್ನು ತೋರಿಸು. ಬಾಯಿ ಬಾರದಿದ್ದರೆ ಏನೂ ಹೇಳಬೇಡ, ಕಾಗದ ಕೈಗೆ ಕೊಡು ಸಾಕು.