ಜೀವಾಳಿ ನೆನೆಸಿದ ನೀರು

ಹೆಗ್ಗದ್ದೆ
೧೮ ಮೇ ೨೦೨೫

ಚೈತ್ರಶ್ರೀಗೆ ನಿನ್ನ ಸೋದರಮಾವ ಕರಿಯಪ್ಪ ಮಾಡುವ ಆಶೀರ್ವಾದ.

ಈ ಸಕಲೇಶಪುರ ತಾಲ್ಲೂಕಿನಲ್ಲಿ ನಾನು ತಲೆದೂಗದೆ ಒಂದು ಮದುವೆಯ ಓಲಗವೂ ಮುಗಿದದ್ದಿಲ್ಲ. ಡೋಲಿನವರು ನನ್ನ ತಲೆ ನೋಡಿಕೊಂಡೇ ತಾಳ ಹಿಡಿಯುತ್ತಾರೆ. ನಿಮ್ಮಮ್ಮ ಇದನ್ನು ಒಪ್ಪುವುದಿಲ್ಲ, ಅವಳಿಗೆ ಮೊದಲಿಂದಲೂ ಹೊಟ್ಟೆಕಿಚ್ಚು. ಇಂಥವನನ್ನು ನೀನು ಒಂದು ಪ್ರಶ್ನೆ ಕೇಳಿ ತಿಂಗಳಾಯಿತು. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಿದರೆ ನಡುನಡುವೆ ನಗುತ್ತೀಯ, ಅದಕ್ಕೇ ಕಾಗದ.

ನಿನ್ನ ಪಿಟೀಲಿನ ಜೊತೆ ಗಿಟಾರ್ ನುಡಿಸುವ ಆ ಸಂಜಯ್, ಒಂದು ಗುಟುಕು ಹಾಕಿದರೆ ಸಂಗೀತ ತಾನಾಗಿ ಬಿಚ್ಚಿಕೊಳ್ಳುತ್ತದೆ ಅನ್ನುತ್ತಾನಂತಲ್ಲ, ಅದು ನಿಜವೇ ಎಂದು ನೀನು ಕೇಳಿದ್ದು. ನಾನೂ ಬಹಳ ದಿನದಿಂದ ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಓಲಗದ ಕುಳ್ಳಯ್ಯ ನಿನಗೆ ಗೊತ್ತಲ್ಲ, ನಿಮ್ಮಮ್ಮನ ಮದುವೆಗೂ ಊದಿದವನು. ಓಲಗದವರಿಗೆ ವೀಳ್ಯದ ಜೊತೆ ಒಂದು ಬಾಟ್ಲಿ ಕೊಡುವುದು ನಮ್ಮ ಕಡೆಯ ಮರ್ಯಾದೆ. ಅದು ಒಳಗೆ ಹೋದ ಮೇಲೆ ಕುಳ್ಳಯ್ಯ ಊದಿದರೆ ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದರು. ಹಾಗಾದರೆ ಆ ರಾಗ ಬಾಟ್ಲಿಯಲ್ಲಿತ್ತೋ, ಕುಳ್ಳಯ್ಯನಲ್ಲಿತ್ತೋ? ಬಾಟ್ಲಿಯಲ್ಲಿತ್ತು ಅನ್ನೋಣವೆಂದರೆ ನಾನೂ ಅದೇ ಅಂಗಡಿಯದ್ದನ್ನು ಕುಡಿದಿದ್ದೇನೆ. ಗೊರಕೆ ಬಿಟ್ಟು ನನ್ನಿಂದ ಬೇರೇನೂ ಹೊರಟಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಕುಳ್ಳಯ್ಯನಿಗೆ ಕಾಮಾಲೆಯಾಗಿ, ಇನ್ನು ಮುಟ್ಟಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವನ ಹೆಂಡತಿ ಹುಲಿಯಮ್ಮ ಮನೆಯಲ್ಲಿದ್ದ ಖಾಲಿ ಬಾಟ್ಲಿಗಳನ್ನೂ ಹೊರಗೆ ಹಾಕಿದಳು. ಅಂದಿನಿಂದ ಕುಳ್ಳಯ್ಯ ಮುಟ್ಟಿರಲಿಲ್ಲ. ಊರಿನವರು ಸುಮ್ಮನಿರಬೇಕಲ್ಲ, ಇನ್ನು ಅವನ ಓಲಗ ಬರೀ ಗಾಳಿ ಎಂದು ಬೇರೆಯವರನ್ನು ಕರೆಯತೊಡಗಿದರು. ಕೊನೆಗೆ ನಮ್ಮೂರಿನ ಯೋಗಾನಂದ ತನ್ನ ಮಗಳು ನವ್ಯಶ್ರೀಯ ಮದುವೆಗೆ ಅವನಿಗೇ ಹೇಳಿದ. ಇಲ್ಲಿ ಕೆಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ ಎಂದು ಕುಳ್ಳಯ್ಯನಿಗೆ ಗೊತ್ತಿತ್ತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತೋಟಪ್ಪ ನನ್ನ ಹತ್ತಿರ ಬಾಜಿ ಕಟ್ಟಿದ. ಕುಳ್ಳಯ್ಯ ಗುಟುಕು ಹಾಕದೆ ಧಾರೆ ಮುಗಿಸಿಕೊಟ್ಟರೆ ನಾನು ಸೋತ ಹಾಗೆ, ಕುಡಿದರೆ ತೋಟಪ್ಪ. ಐನೂರು ರೂಪಾಯಿ, ತಮಾಷೆಗೆ.

ಮದುವೆ ಆನೇಮಹಲ್‌ನಲ್ಲಿ. ವೀಳ್ಯದ ಜೊತೆ ಬಂದ ಬಾಟ್ಲಿಯನ್ನು ಕುಳ್ಳಯ್ಯ ಕೈ ಮುಗಿದು ಹಿಂದಕ್ಕೆ ಕಳಿಸಿದ. ಓಲಗದ ತುದಿಗೆ ಸಿಕ್ಕಿಸಿ ಊದುವ ಜೀವಾಳಿ ಇರುತ್ತದಲ್ಲ, ತಾಳೆಗರಿಯ ಪುಟ್ಟ ಪೀಪಿ, ಅದು ಒಣಗಿದ್ದರೆ ಸ್ವರ ಹೊರಡದು. ಅದನ್ನು ಒಂದು ಲೋಟ ನೀರಲ್ಲಿ ನೆನೆಹಾಕಿ ಪಕ್ಕದಲ್ಲಿಟ್ಟುಕೊಂಡಿದ್ದ. ಆ ನೀರಿಗೆ ಯಾರೋ ಬಾಟ್ಲಿಯದ್ದನ್ನು ಒಂದಿಷ್ಟು ಬೆರೆಸಿದ್ದರು.

ಪುರೋಹಿತರು ಗಟ್ಟಿಮೇಳ ಎಂದು ಕೂಗಿದರು. ಕುಳ್ಳಯ್ಯ ಜೀವಾಳಿಯನ್ನು ಎತ್ತಿ ತುಟಿಯ ಹತ್ತಿರ ತಂದವನು ವಾಸನೆ ಬಡಿದು ಹಾಗೇ ನಿಂತ. ಡೋಲಿನ ಬಾಲು ಒಬ್ಬನೇ ಬಾರಿಸುತ್ತಿದ್ದ. ಜನ ತಿರುಗಿ ನೋಡಿದರು. ಕುಳ್ಳಯ್ಯ ಅದನ್ನು ನೆಲಕ್ಕೆ ಬಿಟ್ಟು, ಓಲಗದಲ್ಲಿ ದಾರಕ್ಕೆ ಕಟ್ಟಿ ನೇತುಬಿಟ್ಟಿದ್ದ ಇನ್ನೊಂದು ಜೀವಾಳಿಯನ್ನು ಬಾಯಲ್ಲಿಟ್ಟು ಎಂಜಲಲ್ಲೇ ನೆನೆಸಿದ. ಮೊದಲು ಬಂದದ್ದು ಬರೀ ಕರಕರ ಸದ್ದು, ಹಿಂದೆ ಯಾರೋ ನಕ್ಕರು. ಆಮೇಲೆ ಸ್ವರ ಹಿಡಿಯಿತು. ಹಿಂದಿನ ಹಾರಾಟ ಇರಲಿಲ್ಲ ಮಗಳೇ, ಸುಳ್ಳು ಹೇಳುವುದಿಲ್ಲ. ನಿಧಾನವಾಗಿ, ಒಂದೊಂದು ಸ್ವರವನ್ನೂ ಮುಟ್ಟಿ ನೋಡಿ ಇಟ್ಟ ಹಾಗೆ ನುಡಿಸಿದ. ತಲೆದೂಗುವುದು ನನಗೆ ಮರೆತೇ ಹೋಯಿತು.

ಊಟವಾದ ಮೇಲೆ ಕುಳ್ಳಯ್ಯ ಪೆಂಡಾಲಿನ ಹಿಂದೆ ಓಲಗ ಒರೆಸುತ್ತ ಕೂತಿದ್ದ. ಹೋಗಿ ನಿನ್ನ ಪ್ರಶ್ನೆಯನ್ನೇ ಕೇಳಿದೆ, ಕುಡಿದಾಗ ಬರುತ್ತಿದ್ದ ಆ ರಾಗ ಎಲ್ಲಿಂದ ಬರುತ್ತಿತ್ತು ಎಂದು.

“ಅದು ನಂಗೇನ್ ಗೊತ್ತು ಗೌಡ್ರೆ” ಅಂದ. “ನೀವೆಲ್ಲ ಕೇಳೀರಿ, ನಾನ್ ಕೇಳಿಲ್ಲ. ಬೆಳಿಗ್ಗೆ ಎದ್ರೆ ಒಂದೂ ನೆಪ್ಪಿರ್ತಿರ್ಲಿಲ್ಲ. ನನ್ ಓಲಗ ನಾನು ಕೇಳಿದ್ದು ಇವತ್ತೇಯ.”

ಇದನ್ನು ನಿನ್ನ ಸಂಜಯ್‌ಗೆ ಹೇಳು. ಅವನು ಏನನ್ನುತ್ತಾನೋ ತಿಳಿಯುವ ಕುತೂಹಲ ನನಗೂ ಇದೆ. ನಿನ್ನ ಪಿಟೀಲಿನ ಸ್ವರ ಮೊದಲು ನಿನ್ನ ಕಿವಿಗೆ ಬೀಳಲಿ. ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಾವ,
ಕರಿಯಪ್ಪ

ಮರೆತದ್ದು: ನೀರಿಗೆ ಬೆರೆಸಿದವನು ನಾನೇ. ಒಂದು ತೊಟ್ಟು ನಾಲಿಗೆಗೆ ತಾಗಿದರೆ ಹಳೇ ರಾಗ ಬರುತ್ತದೋ ನೋಡೋಣ ಎಂಬ ಕುತೂಹಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವತ್ತು ಪೆಂಡಾಲಿನ ಹಿಂದೆ ಆ ಮಾತಾದ ಮೇಲೆ ಕುಳ್ಳಯ್ಯ ಏಳುವಾಗ ನನ್ನ ಮುಖ ನೋಡದೆ, “ನನ್ ಮ್ಯಾಲೆ ಎಷ್ಟು ಕಟ್ಟಿದ್ರಿ ಗೌಡ್ರೆ?” ಅಂದ. ಐನೂರು ಅಂದೆ. ತಲೆಯಾಡಿಸಿ ಹೋದ. ಆಮೇಲೆ ನಮ್ಮ ಜಗಲಿಗೆ ಬಂದಿಲ್ಲ. ನಿನಗೂ ಮೇಲೆ ಐನೂರು ಎಂದೇ ಬರೆದಿದ್ದೇನೆ. ನಿಜವಾಗಿ ಮೆಣಸು ಮಾರಿ ಬಂದ ಹನ್ನೆರಡು ಸಾವಿರವನ್ನು ಪೂರ್ತಿ ಕಟ್ಟಿದ್ದೆ, ಅವನು ಕುಡಿದೇ ಕುಡಿಯುತ್ತಾನೆ ಎಂದು.