ಬೆಂಗಳೂರಿಂದ ಬಂದ ಹುಂಜ

ಮಳವಳ್ಳಿ
೧೨ನೇ ನವೆಂಬರ್ ೧೯೪೪, ಭಾನುವಾರ

ನಮ್ಮ ಮನೆಯವರಿಗೆ ಅಜೀಜಾಳ ಸಲಾಮು.

ಗುತ್ತಲು ಅಂತ ಇರಬೇಕಾದ ಕಡೆ ಮಳವಳ್ಳಿ ಅಂತಿದೆಯಲ್ಲ ಅಂತ ಗಾಬರಿ ಬೀಳಬೇಡಿ. ನಾನು ತೌರಿಗೆ ಬಂದಿದ್ದೀನಿ, ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿಮ್ಮ ಸೊಂಟನೋವು ಹೇಗಿದೆ? ರಿಪೇರಿಗೆ ಅಂತ ಮಿಲಿಟರಿ ಲಾರಿ ಕೆಳಗೆ ಮಲಗೋವಾಗ ಗೋಣಿಚೀಲ ಹಾಸ್ಕೊಳ್ಳಿ ಅಂದ್ರೆ ನೀವೆಲ್ಲಿ ಕೇಳ್ತೀರಿ.

ಕೋಳಿ ಸಮಾಚಾರ ಹೇಳಿಬಿಡ್ತೀನಿ. ನಿಮ್ಮ ದೊರೆಗಳ ಕ್ರಿಸ್‌ಮಸ್ ಊಟಕ್ಕೆ ಅಂತ ಸಾಕಿದ್ದ ಹದಿನಾಲ್ಕು ಟರ್ಕಿ ಕೋಳೀಲಿ ಹನ್ನೊಂದು ಸತ್ತವು. ಅವುಗಳ ಜೊತೆಗಿರಲಿ ಅಂತ ನೀವು ಬೆಂಗಳೂರಿಂದ ರೈಲಲ್ಲಿ ಕಳಿಸಿದ ಟರ್ಕಿ ಹುಂಜವೂ ಹೋಯ್ತು. ಅದು ಮಂಡ್ಯದಲ್ಲಿ ಇಳಿದಾಗಲೇ ಕಣ್ಣಲ್ಲಿ ನೊರೆ ಇತ್ತು, ನಾನು ಅದನ್ನ ಬೇರೆ ಕಡೆ ಕಟ್ಟಿದೆ. ಅತ್ತೆ ಗೊತ್ತಲ್ಲ, ಮೆಹಮಾನು ಅಂತ ಯಾರೇ ನೆಂಟರು ಬಂದರೆ ಎಲ್ಲರ ಜೊತೆ ಒಂದೇ ತಟ್ಟೇಲಿ ಉಣ್ಣಿಸದೆ ಬಿಡೋರಲ್ಲ. ಮನೆಗೆ ಬಂದೋನ್ನ ಬೇರೆ ಕೂರಿಸ್ತಾರೇನೇ ಅಂತ ಹಗ್ಗ ಬಿಚ್ಚಿ, ಮಿಕ್ಕ ಕೋಳಿ ನೀರು ಕುಡಿಯೋ ತೊಟ್ಟಿಗೇ ಬಿಟ್ಟರು. ಹತ್ತು ದಿನಕ್ಕೆ ಗೂಡೆಲ್ಲ ಗೊರಗೊರ. ಮುಖ ಊದಿ ಕಣ್ಣು ಮುಚ್ಚಿಹೋದವು, ಬಾಯಿ ತೆಗೆದು ಉಸಿರಾಡೋವು. ದನದ ಡಾಕ್ಟರು ಯೋಗಾನರಸಿಂಹಯ್ಯನವರು ನೋಡಿ, ಇದು ಒಂದರಿಂದ ಒಂದಕ್ಕೆ ಅಂಟೋ ಉಸಿರಿನ ಕಾಯಿಲೆ, ಹುಂಜದಿಂದಲೇ ಬಂದಿರೋದು ಅಂದರು. ಊದಿದ ಕಡೆ ಚುಚ್ಚಿ ಕೀವು ತೆಗೆಯೋದು ತೋರಿಸಿಕೊಟ್ಟರು. ದಪ್ಪ ಸೂಜಿ ಕಾಯಿಸಿ ನಾನೇ ತೆಗೆದೆ. ಮೂರು ಹೇಂಟೆ ಉಳಕೊಂಡವು.

ಅತ್ತೆ ಮಾತ್ರ ಡಾಕ್ಟರ ಮಾತು ನಂಬಲಿಲ್ಲ. "ನನ್ನ ಮಗ ಕಾಯಿಲೆ ಕೋಳಿ ಕಳಿಸ್ತಾನಾ? ನಿನ್ನ ಕೈಗುಣ ಕಣೇ" ಅಂದರು. ಅವರು ಬೈಯೋದು ನನಗೇನು ಹೊಸದಲ್ಲ. ಆದರೆ ನಿಮ್ಮ ತಮ್ಮ ಜಲಾಲನ ಕೂಸು ಅಳ್ತಿತ್ತು ಅಂತ ಎತ್ತಿಕೊಂಡರೆ, ನನ್ನ ಕೈಯಿಂದ ಕಿತ್ತುಕೊಂಡರು. ಮಾರನೇ ದಿನವೇ ಮಳವಳ್ಳಿ ಬಸ್ಸು ಹತ್ತಿದೆ.

ಅಪ್ಪ ನಿಮ್ಮನ್ನ ಕೇಳಿದೆ ಅಂತ ಬರೆಯೋಕೆ ಹೇಳಿದರು. ಅಲ್ಲಾಹ್ ನಿಮ್ಮ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮ
ಅಜೀಜಾ

ಮರೆತಿದ್ದೆ: ಹುಂಜದ ಬುಟ್ಟೀಲಿ ನೀವಿಟ್ಟ ಚೀಟಿ ನನ್ನ ಹತ್ತಿರ ಇದೆ. "ಸ್ವಲ್ಪ ಕೆಮ್ಮುತ್ತೆ, ಅಮ್ಮನಿಗೆ ಹೇಳಬೇಡ" ಅಂತ ಬರೆದಿದ್ದಿರಿ. ನಾನು ಹೇಳಲಿಲ್ಲ, ನಿಮ್ಮ ಮಾತು ಉಳಿಸಿದೆ. ಈಗ ನೀವೇ ಅತ್ತೆಗೆ ಒಂದು ಕಾರ್ಡು ಹಾಕಿ, ಗೊತ್ತಿದ್ದೇ ಕಳಿಸಿದೆ ಅಂತ. ಅವರು ಹುಂಜನ್ನ ತೊಟ್ಟಿಗೆ ಬಿಟ್ಟ ಸುದ್ದಿ ಎತ್ತಬೇಡಿ, ಅವರಿಗೆ ವಯಸ್ಸಾಯ್ತು. ಹದಿನೈದು ದಿನ ಕಾಯ್ತೀನಿ. ಆಮೇಲೆ ಗುತ್ತಲಿಗೆ ಹೋಗಿ, ನಾನು ಓದಿದರೆ ಅವರು ನಂಬೋಲ್ಲ ಅಂತ, ಪಕ್ಕದ ಮನೆ ಚೂಡಾಮಣಿಯವರ ಕೈಲಿ ಆ ಚೀಟೀನ ಅತ್ತೆ ಮುಂದೆ ಓದಿಸ್ತೀನಿ.